‘ವ್ಯಾಕ್ಸಿನ್’ ಪದದೊಳಗಿನ ಹಸು: ಪದೇ ಪದೇ ಕೇಳುವ ಪ್ರಶ್ನೆಗಳು

‘ವ್ಯಾಕ್ಸಿನ್’ ಎಂದರೆ ಮೂಲದಲ್ಲಿ ಏನರ್ಥ?

‘ಹಸುವಿನ’ ಎಂದು, ಅಷ್ಟೇ. ಮದ್ದು, ಸೂಜಿ, ರಕ್ಷಣೆ ಯಾವುದೂ ಆ ಪದದಲ್ಲಿಲ್ಲ. ಲ್ಯಾಟಿನ್‌ನಲ್ಲಿ ‘ವಕ್ಕ’ ಎಂದರೆ ಹಸು. ಅದಕ್ಕೆ ‘ಈನುಸ್’ ಎಂಬ ಪ್ರತ್ಯಯ ಹತ್ತಿದರೆ ‘ವಕ್ಕೀನುಸ್’, ಹಸುವಿಗೆ ಸೇರಿದ್ದು. ಇದೇ ಪ್ರತ್ಯಯ ನಾಯಿಯ ‘ಕಾನಿಸ್’ಗೆ ಸೇರಿ ಇಂಗ್ಲಿಷಿನ ‘ಕೆನೈನ್’ ಆಯಿತು, ಕುದುರೆಯ ‘ಎಕ್ವುಸ್’ಗೆ ಸೇರಿ ‘ಇಕ್ವೈನ್’ ಆಯಿತು. ನಾವು ‘ಹಸು’ವಿಗೆ ‘ಇನ’ ಹಚ್ಚಿ ‘ಹಸುವಿನ’ ಎನ್ನುವುದಕ್ಕೂ ಇದಕ್ಕೂ ಕಿವಿಗೆ ಹೋಲಿಕೆ ಕಾಣುತ್ತದೆ, ಆದರೆ ಅದು ಬರೀ ಕಾಕತಾಳೀಯ. ಎರಡು ಪ್ರತ್ಯಯಗಳಿಗೂ ನೆಂಟಸ್ತಿಕೆ ಇಲ್ಲ.

ಹಸುವಿಗೂ ಲಸಿಕೆಗೂ ಸಂಬಂಧ ಬಂದದ್ದು ಹೇಗೆ?

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಬರ್ಕ್ಲಿ ಎಂಬ ಊರಿನಲ್ಲಿ ವೈದ್ಯನಾಗಿದ್ದವನು ಎಡ್ವರ್ಡ್ ಜೆನ್ನರ್. ಹಸುಗಳ ಕೆಚ್ಚಲ ಮೇಲೆ ಗುಳ್ಳೆ ಏಳುವ ಒಂದು ರೋಗವಿತ್ತು. ಹಾಲು ಕರೆಯುವವರ ಕೈಗೂ ಅದು ಹತ್ತುತ್ತಿತ್ತು. ಹಾಗೆ ಹತ್ತಿಸಿಕೊಂಡವರಿಗೆ ಸಿಡುಬು ಬರುವುದಿಲ್ಲ ಎಂಬ ಮಾತು ಹಳ್ಳಿಗರಲ್ಲಿ ಮೊದಲೇ ಇತ್ತು. ಡಾರ್ಸೆಟ್‌ನ ಬೆಂಜಮಿನ್ ಜೆಸ್ಟಿ ಎಂಬ ರೈತ 1774ರಲ್ಲೇ ಆ ಗುಳ್ಳೆಯ ರಸವನ್ನು ತನ್ನ ಹೆಂಡತಿ ಮಕ್ಕಳಿಗೆ ಹಾಕಿದ್ದ. 1796ರ ಮೇ 14ರಂದು ಜೆನ್ನರ್, ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿಯ ಕೈಗುಳ್ಳೆಯಿಂದ ರಸ ತೆಗೆದು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಗೀರಿ ಹಾಕಿದ. ಜುಲೈ 1ರಂದು ನಿಜವಾದ ಸಿಡುಬಿನ ಕೀವನ್ನೇ ಹಾಕಿ ನೋಡಿದ. ಹುಡುಗನಿಗೆ ಸಿಡುಬು ಬರಲಿಲ್ಲ.

1798ರಲ್ಲಿ ಜೆನ್ನರ್ ಸ್ವಂತ ಖರ್ಚಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಹಳ್ಳಿಯವರು ‘ಕೌಪಾಕ್ಸ್’ ಎನ್ನುತ್ತಿದ್ದ ರೋಗಕ್ಕೆ ಅದರ ಶೀರ್ಷಿಕೆಯಲ್ಲಿ ಲ್ಯಾಟಿನ್ ಹೆಸರು ಕೊಟ್ಟ: ‘ವರಿಯೋಲೆ ವ್ಯಾಕ್ಸೀನೆ’. ‘ವರಿಯೋಲ’ ಎಂದರೆ ಸಿಡುಬು, ‘ವ್ಯಾಕ್ಸೀನೆ’ ಎಂದರೆ ಹಸುವಿನ. ಎರಡೂ ಬಹುವಚನ, ಎರಡೂ ಸ್ತ್ರೀಲಿಂಗ. ಲ್ಯಾಟಿನ್‌ನಲ್ಲಿ ವಿಶೇಷಣವು ನಾಮಪದದ ಲಿಂಗ ವಚನಗಳನ್ನೇ ಹಿಡಿಯಬೇಕಾದ್ದರಿಂದ ಆ ರೂಪ. ಹೆಸರಿನಲ್ಲೇ ವಾದವೂ ಅಡಗಿತ್ತು ನೋಡಿ. ಇದು ಬೇರೆ ರೋಗವಲ್ಲ, ಸಿಡುಬಿನದೇ ಹಸು ರೂಪ, ಆದ್ದರಿಂದ ಅದನ್ನು ತಡೆಯುತ್ತದೆ ಎಂದು ಓದುಗ ಪುಸ್ತಕ ತೆರೆಯುವ ಮೊದಲೇ ಒಪ್ಪಬೇಕಿತ್ತು.

ಅದು ರೋಗದ ಹೆಸರಾಯಿತು. ಮದ್ದಿಗೆ ಆ ಹೆಸರು ಬಂದದ್ದು ಯಾವಾಗ?

ಇಲ್ಲಿ ಪದ ಮೂರು ಸಲ ಜಾರಿದೆ. ಮೊದಲಿಗೆ ಇಂಗ್ಲಿಷಿನಲ್ಲಿ ‘ವ್ಯಾಕ್ಸಿನ್’ ವಿಶೇಷಣವಾಗಿ ಬಂತು: ‘ವ್ಯಾಕ್ಸಿನ್ ವೈರಸ್’, ‘ವ್ಯಾಕ್ಸಿನ್ ಲಿಂಫ್’ ಎಂದು ಬರೆಯುತ್ತಿದ್ದರು. ‘ಹಸುವಿನ ರಸ’ ಎಂದ ಹಾಗೆ. ಆಮೇಲೆ ಮುಂದಿನ ಪದ ಉದುರಿ ‘ಹಸುವಿನ’ ಎಂಬುದೇ ವಸ್ತುವಿನ ಹೆಸರಾಯಿತು. ನಾವು ಅಂಗಡಿಯಲ್ಲಿ ‘ಎರಡು ಮಸಾಲೆ’ ಎಂದು ಹೇಳಿ ದೋಸೆಯನ್ನು ಬಿಟ್ಟುಬಿಡುವಂತೆ. ಕ್ರಿಯೆಯನ್ನು ಹೇಳುವ ‘ವ್ಯಾಕ್ಸಿನೇಶನ್’ ಪದವನ್ನು 1800ರಲ್ಲಿ ಪ್ಲಿಮತ್‌ನ ಶಸ್ತ್ರವೈದ್ಯ ರಿಚರ್ಡ್ ಡನಿಂಗ್ ಬಳಕೆಗೆ ತಂದ. ಜೆನ್ನರ್‌ನದಲ್ಲ ಆ ಪದ.

ಮೂರನೆಯ ಜಾರುವಿಕೆ ಬೇಕೆಂದೇ ಮಾಡಿದ್ದು. 1880ರಲ್ಲಿ ಲೂಯಿ ಪಾಸ್ಟರ್ ಕೋಳಿಗಳ ಕಾಲರಾ ಮೇಲೆ, 1881ರಲ್ಲಿ ಕುರಿಗಳ ಅಂತ್ರಾಕ್ಸ್ ಮೇಲೆ, ದುರ್ಬಲಗೊಳಿಸಿದ ರೋಗಾಣುಗಳನ್ನು ಪ್ರಯೋಗಿಸಿದ್ದ. ಅಲ್ಲಿ ಹಸುವಿನ ಸಿಡುಬಿನ ಪಾತ್ರವೇ ಇರಲಿಲ್ಲ. 1881ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಮಾತಾಡಿದ ಪಾಸ್ಟರ್, ಜೆನ್ನರ್‌ನ ಗೌರವಕ್ಕಾಗಿ ‘ವ್ಯಾಕ್ಸಿನೇಶನ್’ ಪದವನ್ನು ಈ ಬಗೆಯ ಎಲ್ಲ ರಕ್ಷಣೆಗಳಿಗೂ ಹಿಗ್ಗಿಸೋಣ ಎಂದ. ಪದದ ಅರ್ಥ ಯಾವ ವರ್ಷ, ಯಾರ ಬಾಯಲ್ಲಿ ಬದಲಾಯಿತು ಎಂದು ಇಷ್ಟು ಖಚಿತವಾಗಿ ಹೇಳಬಲ್ಲ ಉದಾಹರಣೆಗಳು ನಿರುಕ್ತಿಯಲ್ಲಿ ಅಪರೂಪ.

ಹಾಗಾದರೆ ಎಲ್ಲ ವ್ಯಾಕ್ಸಿನ್‌ಗಳಲ್ಲೂ ಹಸುವಿನ ಅಂಶ ಇದೆಯೇ?

ಇಲ್ಲ. ಪದದ ಮೂಲ ನೋಡಿ ಬಾಟಲಿಯೊಳಗೇನಿದೆ ಎಂದು ಹೇಳಲಾಗದು. ಫ್ಲೂ ಲಸಿಕೆಯನ್ನು ಹೆಚ್ಚಾಗಿ ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ, ಹೆಪಟೈಟಿಸ್ ಬಿ ಲಸಿಕೆಯ ಪ್ರೋಟೀನನ್ನು ಯೀಸ್ಟ್‌ನಲ್ಲಿ ತಯಾರಿಸುತ್ತಾರೆ, ಧನುರ್ವಾಯುವಿನದು ಬ್ಯಾಕ್ಟೀರಿಯಾದ ವಿಷವನ್ನು ಫಾರ್ಮಲಿನ್‌ನಿಂದ ನಿರ್ವಿಷಗೊಳಿಸಿದ್ದು. ಕೆಲವು ಲಸಿಕೆಗಳ ತಯಾರಿಯ ಒಂದು ಹಂತದಲ್ಲಿ ಜೀವಕೋಶಗಳನ್ನು ಬೆಳೆಸಲು ಕರುವಿನ ಸೀರಮ್ (ರಕ್ತದ ತಿಳಿ) ಬಳಸುವುದುಂಟು. ಅದು ಪ್ರಯೋಗಾಲಯದ ಅನುಕೂಲಕ್ಕೆ. ‘ವಕ್ಕ’ ಎಂಬ ಪದಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾವುದಾದರೂ ಲಸಿಕೆಯ ಬಗ್ಗೆ ಖಚಿತವಾಗಿ ತಿಳಿಯಬೇಕಾದರೆ ಪೊಟ್ಟಣದೊಳಗಿನ ಮಾಹಿತಿ ಚೀಟಿಯಲ್ಲಿ ಘಟಕಗಳ ಪಟ್ಟಿ ಓದಿ.

ಜೆನ್ನರ್‌ನ ಲಸಿಕೆಯಲ್ಲಾದರೂ ಇದ್ದದ್ದು ಹಸುವಿನ ಸಿಡುಬೇ ತಾನೇ?

ಅದೂ ಅಷ್ಟು ಸಲೀಸಲ್ಲ. ಸಿಡುಬಿನ ಲಸಿಕೆಗೆ ಬಳಕೆಯಾಗುತ್ತ ಬಂದ ವೈರಸ್‌ನ ಹೆಸರು ‘ವ್ಯಾಕ್ಸಿನಿಯಾ’. ಅದು ಹಸುವಿನ ಸಿಡುಬಿನ ವೈರಸ್ ಅಲ್ಲ, ಬೇರೆಯೇ ಎಂದು 1939ರಲ್ಲಿ ಅಲನ್ ಡೌನಿ ತೋರಿಸಿದ. 1902ರ ಅಮೆರಿಕದ ಲಸಿಕೆ ಮಾದರಿಯೊಂದರ ಜೀನೋಮ್ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಅದು ಹತ್ತಿರವಾಗಿದ್ದದ್ದು ಕುದುರೆ ಸಿಡುಬಿನ ವೈರಸ್‌ಗೆ. ತಮಾಷೆಯೆಂದರೆ, ಹಸುವಿನ ಈ ರೋಗ ಬರುವುದೇ ಕುದುರೆಯ ಕಾಲಿನ ಹುಣ್ಣಿನಿಂದ ಎಂದು ಜೆನ್ನರ್ ತಾನೇ ನಂಬಿದ್ದ. 19ನೇ ಶತಮಾನದಲ್ಲಿ ನೇರವಾಗಿ ಕುದುರೆಯಿಂದ ರಸ ತೆಗೆದು ಹಾಕಿದವರೂ ಇದ್ದರು, ಅದಕ್ಕೆ ‘ಇಕ್ವಿನೇಶನ್’ ಎಂಬ ಪದವೂ ಹುಟ್ಟಿತ್ತು. ಹೆಸರು ಮಾತ್ರ ಹಸುವಿನ ಪಾಲಿಗೇ ಉಳಿಯಿತು.

‘ವಕ್ಕ’, ಸಂಸ್ಕೃತದ ‘ಗೋ’, ಇಂಗ್ಲಿಷಿನ ‘ಕೌ’ ಒಂದೇ ಮೂಲದವೇ?

‘ಗೋ’ ಮತ್ತು ‘ಕೌ’ ಒಂದೇ ಬೇರಿನವು. ಲ್ಯಾಟಿನ್‌ನಲ್ಲಿ ಆ ಬೇರಿನಿಂದ ಬಂದದ್ದು ‘ಬೋಸ್’. ಇಂಗ್ಲಿಷಿನ ‘ಬೊವೈನ್’ ಅದರ ಮಗು. ‘ವಕ್ಕ’ ಬೇರೆ ಪದ. ಸಂಸ್ಕೃತದಲ್ಲಿ ಹಸುವಿಗಿರುವ ‘ವಶಾ’ ಎಂಬ ಪದದೊಂದಿಗೆ ಅದನ್ನು ಹೋಲಿಸುವ ವಿದ್ವಾಂಸರಿದ್ದಾರೆ, ಆದರೆ ‘ವಕ್ಕ’ದ ಒತ್ತಕ್ಷರ ಆ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಅದನ್ನು ಊಹೆ ಎಂದಷ್ಟೇ ಹೇಳಬೇಕು. ಕನ್ನಡದ ‘ಆ’, ‘ಆವು’, ‘ಆಕಳು’ ದ್ರಾವಿಡ ಮನೆತನದವು; ಈ ಸಂಸಾರಕ್ಕೆ ಸೇರಿಲ್ಲ.

‘ವ್ಯಾಕ್ಯೂಮ್’, ‘ವೆಕೇಶನ್’ ಕೂಡ ಇದೇ ಗುಂಪಿನವೇ?

ಅಲ್ಲ. ಅವು ‘ಖಾಲಿ’ ಎಂಬರ್ಥದ ‘ವಾಕುಉಸ್’, ‘ವಾಕಾರೆ’ಗಳಿಂದ ಬಂದವು. ಕಾಗುಣಿತದಲ್ಲೇ ಗುರುತು ಸಿಗುತ್ತದೆ: ಹಸುವಿನ ಪದಗಳಲ್ಲಿ ‘ಸಿ’ ಎರಡು, ಖಾಲಿಯ ಪದಗಳಲ್ಲಿ ಒಂದೇ. ಬ್ಲೂಬೆರಿಯ ಕುಲನಾಮ ‘ವ್ಯಾಕ್ಸಿನಿಯಮ್’ನಲ್ಲಿ ಎರಡು ‘ಸಿ’ ಇದ್ದರೂ ಅದು ಹಸುವಿನಿಂದ ಬಂತೆಂಬುದು ವಿವಾದದ ವಿಷಯ. ಬೇರೊಂದು ಹೂವಿನ ಹೆಸರು ಕೆಟ್ಟು ಹಾಗಾಗಿದೆ ಎನ್ನುವವರಿದ್ದಾರೆ. ಹಳೆಯ ಗಿಡದ ಹೆಸರುಗಳ ವಿಷಯದಲ್ಲಿ ಇಂಥ ಜಗಳ ಮಾಮೂಲಿ.

ಎರಡು ‘ಸಿ’ಗೆ ‘ಕ್ಸ’ ಉಚ್ಚಾರ ಹೇಗೆ ಬಂತು? ಕನ್ನಡದಲ್ಲಿ ಯಾವ ರೂಪ ಸರಿ?

ಪ್ರಾಚೀನ ರೋಮಿನವರ ಬಾಯಲ್ಲಿ ‘ಸಿ’ ಎಲ್ಲೆಡೆಯೂ ಕಕಾರವೇ. ಶತಮಾನಗಳು ಕಳೆದಂತೆ ‘ಇ’, ‘ಎ’ ಸ್ವರಗಳ ಮುಂದೆ ಅದು ಮೆತ್ತಗಾಯಿತು. ಹಾಗಾಗಿ ಜೋಡಿಯಲ್ಲಿ ಮೊದಲ ‘ಸಿ’ ಕಕಾರವಾಗಿಯೇ ಉಳಿದು, ಸ್ವರದ ಪಕ್ಕದ ಎರಡನೆಯದು ಸಕಾರವಾಯಿತು. ‘ಸಕ್ಸೆಸ್’, ‘ಆಕ್ಸಿಡೆಂಟ್’ ಪದಗಳಲ್ಲೂ ಇದೇ ನಿಯಮ. ಇಟಲಿಯವರು ಬೇರೆ ದಾರಿ ಹಿಡಿದು ‘ವಚ್ಚೀನೊ’ ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ಅದು ‘ವಕುನ’. ಅಲ್ಲಿ ‘ವಕ’ ಎಂದರೆ ಇವತ್ತಿಗೂ ಹಸುವಾದ್ದರಿಂದ ಪದದೊಳಗಿನ ಹಸು ಸಾಮಾನ್ಯರಿಗೂ ಕಾಣುತ್ತದೆ. 1803ರಲ್ಲಿ ಲಸಿಕೆ ಹೊತ್ತು ಸ್ಪೇನ್‌ನಿಂದ ಅಮೆರಿಕ ಖಂಡಕ್ಕೆ ಹೊರಟ ಬಾಲ್ಮಿಸ್ ದಂಡಯಾತ್ರೆಯ ಹೆಸರಿನಲ್ಲೂ ‘ವಕುನ’ ಇತ್ತು. ಹಡಗಿನಲ್ಲಿದ್ದ 22 ಅನಾಥ ಹುಡುಗರ ತೋಳಿನಿಂದ ತೋಳಿಗೆ ರಸ ದಾಟಿಸುತ್ತ ಅದನ್ನು ಜೀವಂತ ಒಯ್ದರು. ದಂಡಿಲ್ಲದ ದಂಡಯಾತ್ರೆ ಅದು.

ಕನ್ನಡದಲ್ಲಿ ‘ವ್ಯಾಕ್ಸಿನ್’, ‘ವ್ಯಾಕ್ಸೀನ್’ ಎರಡೂ ನಡೆಯುತ್ತವೆ. ಇಂಗ್ಲಿಷ್ ಉಚ್ಚಾರಕ್ಕೆ ದೀರ್ಘವೇ ಹತ್ತಿರ. ಪತ್ರಿಕೆಗಳಲ್ಲಿ ಹ್ರಸ್ವವೇ ರೂಢಿ. ಒಂದು ಬರಹದಲ್ಲಿ ಒಂದನ್ನೇ ಹಿಡಿಯಿರಿ, ಸಾಕು.

‘ಇನಾಕ್ಯುಲೇಶನ್’ ಎಂದರೂ ಅದೇ ಅಲ್ಲವೇ?

ಅದರಲ್ಲಿ ಹಸುವಿಲ್ಲ, ಕಣ್ಣಿದೆ. ಲ್ಯಾಟಿನ್‌ನ ‘ಓಕುಲುಸ್’ ಎಂದರೆ ಕಣ್ಣು, ಗಿಡದ ಮೊಗ್ಗಿಗೂ ಅದೇ ಪದ. ‘ಇನ್’ ಸೇರಿ ‘ಇನೊಕುಲಾರೆ’ ಎಂದರೆ ಒಂದು ಗಿಡದ ಕಣ್ಣನ್ನು ಇನ್ನೊಂದರಲ್ಲಿ ಕೂರಿಸುವುದು. ಇದನ್ನು ಬೇರೆ ಯಾವ ಭಾಷೆಯವರಿಗಿಂತಲೂ ಕನ್ನಡಿಗರಿಗೆ ಬಿಡಿಸಿ ಹೇಳುವುದು ಸುಲಭ, ಯಾಕೆಂದರೆ ನಮ್ಮ ತೋಟದ ಮಾತಿನಲ್ಲೇ ‘ಕಣ್ಣು ಕಸಿ’ ಇದೆ. ಕಬ್ಬಿನ ಗಿಣ್ಣಿಗೂ ಕಣ್ಣು, ಆಲೂಗಡ್ಡೆಗೂ ಕಣ್ಣು. ಗುಲಾಬಿಯ ಬುಡದಲ್ಲಿ ತೊಗಟೆ ಸೀಳಿ, ಬೇಕಾದ ಜಾತಿಯ ಕಣ್ಣನ್ನು ಒಳಗೆ ತೂರಿಸಿ, ಬಿಗಿಯಾಗಿ ಪಟ್ಟಿ ಸುತ್ತುತ್ತಾರಲ್ಲ, ಅದೇ ಇನಾಕ್ಯುಲೇಶನ್‌ನ ಮೊದಲ ಅರ್ಥ. 18ನೇ ಶತಮಾನದಲ್ಲಿ ಸಿಡುಬಿನ ಕೀವನ್ನು ತೋಳಿನ ಚರ್ಮ ಗೀರಿ ಒಳಗಿಡುವ ಪದ್ಧತಿ ಯುರೋಪಿಗೆ ಬಂದಾಗ ತೋಟದ ಈ ಪದವನ್ನೇ ಎರವಲು ಪಡೆದರು.

ವ್ಯತ್ಯಾಸ ಮುಖ್ಯ. ಸಿಡುಬಿನ ರೋಗಿಯ ಕೀವನ್ನೇ ಹಾಕುವುದು ‘ವೇರಿಯೊಲೇಶನ್’. ಅದರಿಂದ ಹಾಕಿಸಿಕೊಂಡವನಿಗೆ ಸಾವೂ ಬರಬಹುದಿತ್ತು, ಅವನಿಂದ ಊರಿಗೆ ಸಿಡುಬು ಹರಡಲೂಬಹುದಿತ್ತು. ಹಸುವಿನದನ್ನು ಹಾಕುವುದು ವ್ಯಾಕ್ಸಿನೇಶನ್. ಅದು ಆ ಅಪಾಯ ತಪ್ಪಿಸಿತು. ಇನಾಕ್ಯುಲೇಶನ್ ಎರಡನ್ನೂ ಒಳಗೊಳ್ಳುವ ದೊಡ್ಡ ಪದ. ಇಂಗ್ಲಿಷಿನಲ್ಲಿ ಬರೆಯುವವರು ಇಲ್ಲಿ ಎರಡು ‘ಎನ್’ ಹಾಕಿ ತಪ್ಪುತ್ತಾರೆ. ‘ಇನ್’ ಮತ್ತು ‘ಓಕುಲುಸ್’ ಎಂದು ಬಿಡಿಸಿಕೊಂಡರೆ ಒಂದೇ ‘ಎನ್’ ಎಂಬುದು ಮರೆಯುವುದಿಲ್ಲ.

ಹಸುವಿನ ಲಸಿಕೆ ಪ್ರಾಚೀನ ಭಾರತದಲ್ಲೇ ಇತ್ತು ಎಂಬ ಶ್ಲೋಕ ಓದಿದ್ದೇವೆ. ನಿಜವೇ?

ಬಂಗಾಳದಲ್ಲಿ ವೇರಿಯೊಲೇಶನ್ ಇತ್ತು ಎಂಬುದಕ್ಕೆ ಗಟ್ಟಿ ಆಧಾರವಿದೆ. 1767ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಹಾಲ್ವೆಲ್ ಅದರ ವಿವರ ಬರೆದು ಪ್ರಕಟಿಸಿದ್ದಾನೆ. ಹಸುವಿನ ಕೆಚ್ಚಲ ಗುಳ್ಳೆಯ ರಸ ಹಾಕಬೇಕೆನ್ನುವ ಸಂಸ್ಕೃತ ಶ್ಲೋಕಗಳ ಮಾತು ಬೇರೆ. ಅವು 19ನೇ ಶತಮಾನದ ಆರಂಭದಲ್ಲಿ, ಜನ ಹೊಸ ಲಸಿಕೆಯನ್ನು ಒಪ್ಪಲಿ ಎಂದು ಕಟ್ಟಿದವು. ಧನ್ವಂತರಿಯ ಹೆಸರು ಹೊತ್ತು ಯುರೋಪಿನವರೆಗೂ ಹೋಗಿ, ಅಲ್ಲಿಂದ ‘ಪುರಾತನ ಆಧಾರ’ವಾಗಿ ನಮಗೇ ವಾಪಸು ಬಂದವು.

ಕನ್ನಡದ ‘ಲಸಿಕೆ’ಯಲ್ಲೂ ಹಸು ಇದೆಯೇ?

ಇಲ್ಲ, ಇಲ್ಲಿರುವುದು ನೀರು. ಸಂಸ್ಕೃತದ ‘ಲಸೀಕಾ’ ಅಥವಾ ‘ಲಸಿಕಾ’ ಆಯುರ್ವೇದದ ಪದ: ಚರ್ಮದ ಕೆಳಗಿರುವ, ಗಾಯವಾದಾಗ ಜಿನುಗುವ ನೀರಿನಂಥ ದ್ರವ. ಯುರೋಪಿನ ವೈದ್ಯರು ಅದೇ ದ್ರವವನ್ನು ‘ಲಿಂಫ್’ ಎನ್ನುತ್ತಿದ್ದರು, ಲ್ಯಾಟಿನ್‌ನ ‘ಲುಂಫ’ದಿಂದ, ಅದರ ಅರ್ಥ ತಿಳಿನೀರು. 19ನೇ ಶತಮಾನದಲ್ಲಿ ಲಸಿಕೆ ಊರಿಂದೂರಿಗೆ ಬರುತ್ತಿದ್ದದ್ದು ಈ ಲಿಂಫ್ ರೂಪದಲ್ಲೇ.

ಕೆಲಸ ಹೇಗೆ ನಡೆಯುತ್ತಿತ್ತು ಎಂದು ತಿಳಿದರೆ ಪದ ಸ್ಪಷ್ಟವಾಗುತ್ತದೆ. ಮಗುವಿನ ತೋಳಿಗೆ ರಸ ಹಾಕಿದ ಮೂರ್ನಾಲ್ಕು ದಿನಕ್ಕೆ ಗುಳ್ಳೆ ಏಳುತ್ತದೆ. ಎಂಟನೆಯ ದಿನದ ಹೊತ್ತಿಗೆ ಅದರೊಳಗೆ ತಿಳಿಯಾದ ದ್ರವ ತುಂಬುತ್ತದೆ. ಆಗ ಚೂಪಾದ ಲ್ಯಾನ್ಸೆಟ್‌ನಿಂದ ಗುಳ್ಳೆ ಚುಚ್ಚಿ, ಒಸರುವ ಹನಿಯನ್ನು ಮುಂದಿನ ಮಗುವಿನ ತೋಳಿಗೆ ಗೀರುತ್ತಿದ್ದರು. ಇನ್ನೂ ಕೆಲವು ದಿನ ತಡ ಮಾಡಿದರೆ ತಿಳಿ ಹೋಗಿ ಕೀವಾಗುತ್ತದೆ; ಅದನ್ನು ಹಾಕಿದರೆ ತೋಳು ಹುಣ್ಣಾಗುತ್ತದೆಯೇ ಹೊರತು ರಕ್ಷಣೆ ನೆಚ್ಚುವಂತಿಲ್ಲ. ದೂರದೂರಿಗೆ ಕಳಿಸುವಾಗ ದಾರಕ್ಕೆ ಅದ್ದಿಯೋ ಗಾಜಿನ ತುಂಡುಗಳ ನಡುವೆಯೋ ಒಣಗಿಸಿ ಕಳಿಸುತ್ತಿದ್ದರು. ಬಿಸಿಲಿಗೆ ಸಿಕ್ಕರೆ ಅದು ಸತ್ತುಹೋಗುತ್ತಿತ್ತು. ವಿಯೆನ್ನಾ, ಬಾಗ್ದಾದ್, ಬಸ್ರಾ ದಾರಿಯಾಗಿ ಬಂದ ರಸದಿಂದ 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಲಸಿಕೆ ಹಾಕಿದರು. ಭಾರತದಲ್ಲಿ ಮೊದಲು ಫಲ ಕೊಟ್ಟದ್ದು ಅದೇ. ತೋಳಿನಿಂದ ತೋಳಿಗೆ ಹಾಕುವಾಗ ಸಿಫಿಲಿಸ್‌ನಂಥ ರೋಗಗಳೂ ಜೊತೆಗೆ ದಾಟುತ್ತಿದ್ದವು. ಆದ್ದರಿಂದಲೇ ಮುಂದೆ ಕರುಗಳ ಚರ್ಮದ ಮೇಲೆ ಬೆಳೆಸುವ ಪದ್ಧತಿ ಬಂತು. ಹೆಸರಿನಲ್ಲಷ್ಟೇ ಇದ್ದ ಹಸು ಆಗ ನಿಜವಾಗಿ ಕೆಲಸಕ್ಕೆ ಬಂತು ಎನ್ನಿ. ಬೆಳಗಾವಿಯ ‘ವ್ಯಾಕ್ಸಿನ್ ಡಿಪೋ’ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ. ಲಸಿಕೆ ಹೋಯಿತು, ಹೆಸರು ಮೈದಾನಕ್ಕೆ ಉಳಿಯಿತು.

1805ರ ಸುಮಾರಿಗೆ ಥಾಮಸ್ ಹಿಕಿ ಬಿಡಿಸಿದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಕಿರಿಯ ರಾಣಿ ಸೀರೆಯ ಸೆರಗು ಸರಿಸಿ ತೋಳು ತೋರುತ್ತಿರುವುದು ಲಸಿಕೆಯ ಪ್ರಚಾರಕ್ಕೆ ಎಂದು ಇತಿಹಾಸಕಾರರು ಓದಿದ್ದಾರೆ.

ಹಿಂದಿಯಲ್ಲಿ ‘ಟೀಕಾ’ ಎನ್ನುತ್ತಾರಲ್ಲ?

ಅದು ತೋಳಿನ ಮೇಲೆ ಉಳಿಯುವ ಗುರುತಿನಿಂದ ಬಂದ ಹೆಸರು. ಹಣೆಗಿಡುವ ಟೀಕಾ ಅದೇ ಪದ. ಬಂಗಾಳಿಯಲ್ಲಿ ಹಸುವನ್ನು ಬಿಡದೆ ‘ಗೋಬೀಜ’ ಎಂದೂ ಹೇಳಿದ್ದರು. ಅಂದರೆ ಒಂದೇ ವಸ್ತುವನ್ನು ಇಂಗ್ಲಿಷ್ ಅದು ಬಂದ ಪ್ರಾಣಿಯಿಂದ ಹೆಸರಿಸಿತು, ಹಿಂದಿ ಅದು ಬಿಟ್ಟುಹೋಗುವ ಕಲೆಯಿಂದ, ಕನ್ನಡ ಅದು ತುಂಬಿಕೊಂಡಿದ್ದ ದ್ರವದಿಂದ. ಮೂರರಲ್ಲಿ ಕನ್ನಡದ್ದೇ ಈಗಿನ ಕಾಲಕ್ಕೂ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ: ಹಸು ಹೋಯಿತು, ಹೆಚ್ಚಿನ ಲಸಿಕೆಗಳಲ್ಲಿ ಕಲೆಯೂ ಉಳಿಯುವುದಿಲ್ಲ, ಸೀಸೆಯೊಳಗೆ ದ್ರವವಂತೂ ಇದೆ.

ಅನುವಾದಕರಿಗೆ ಎರಡು ಎಚ್ಚರಿಕೆ. 2021ರ ಏಪ್ರಿಲ್‌ನ ‘ಟೀಕಾ ಉತ್ಸವ್’ ಅನ್ನು ಹಾಗೇ ಕನ್ನಡಕ್ಕೆ ತಂದರೆ ‘ಟೀಕೆಯ ಹಬ್ಬ’ದಂತೆ ಕೇಳಿಸುತ್ತದೆ, ‘ಲಸಿಕೆ ಉತ್ಸವ’ ಎಂದೇ ಬರೆಯಬೇಕು. ಇನ್ನೊಂದು, ಹಿಂದಿ ಪಠ್ಯಗಳಲ್ಲಿ ‘ಲಸೀಕಾ’ ಎಂದರೆ ಲಿಂಫ್, ವ್ಯಾಕ್ಸಿನ್ ಅಲ್ಲ. ‘ಲಸೀಕಾ ಗ್ರಂಥಿ’ಯನ್ನು ‘ಲಸಿಕೆ ಗ್ರಂಥಿ’ ಎಂದು ಇಳಿಸಿದರೆ ಅನರ್ಥ. ಕನ್ನಡ ಪಠ್ಯಗಳಲ್ಲಿ ಲಿಂಫ್‌ಗೆ ‘ದುಗ್ಧರಸ’ ಎಂಬ ಪದವಿದೆ. ದುಗ್ಧ ಎಂದರೆ ಹಾಲು. ಹಸು ಇಲ್ಲಿಗೂ ಬಂತು!

‘ಲಸಿಕೆ ಅಭಿಯಾನ’ವೋ ‘ಲಸಿಕಾ ಅಭಿಯಾನ’ವೋ?

ಎರಡೂ ಸರಿ. ಸಂಸ್ಕೃತದ ಆಕಾರಾಂತ ಪದಗಳು ಕನ್ನಡಕ್ಕೆ ಬಂದಾಗ ಎಕಾರ ಪಡೆಯುತ್ತವೆ: ಶಾಲಾ ಶಾಲೆಯಾದಂತೆ, ಮಾಲಾ ಮಾಲೆಯಾದಂತೆ. ಸಂಸ್ಕೃತ ಪದದೊಂದಿಗೆ ಸಮಾಸವಾದಾಗ ಹಳೆಯ ಆಕಾರ ಮರಳುತ್ತದೆ. ‘ಲಸಿಕಾ ಹಾಕಿಸಿಕೊಳ್ಳಿ’ ಮಾತ್ರ ತಪ್ಪು.

‘ಚುಚ್ಚುಮದ್ದು’ ಎಂದರೆ ಆಗದೇ?

ಚುಚ್ಚುಮದ್ದು ಇಂಜೆಕ್ಷನ್‌ಗೆ ಒಳ್ಳೆಯ ಪದ. ಆದರೆ ಜ್ವರಕ್ಕೆ ಕೊಡುವುದೂ ಚುಚ್ಚುಮದ್ದೇ, ಪೋಲಿಯೊ ಲಸಿಕೆಯನ್ನೋ ಬಾಯಿಗೆ ಹನಿಯಾಗಿಯೂ ಹಾಕುತ್ತಾರೆ. ಆದ್ದರಿಂದ ಒಂದಕ್ಕೊಂದು ಬದಲಿಯಾಗದು. ಹಳಬರ ‘ದೇವಿ ಹಾಕಿಸುವುದು’, ‘ದಾಕು ಹಾಕುವುದು’ ಸಿಡುಬಿನ ಲಸಿಕೆಗೆ ಸೀಮಿತವಾಗಿದ್ದವು. ರೋಗ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾದ ಮೇಲೆ ಮಾತೂ ಮರೆಯಾಗುತ್ತಿದೆ.

ಜೊತೆಗೆ ಬರುವ ‘ವೈರಸ್’, ‘ಸೀರಮ್’, ‘ಇಮ್ಯೂನಿಟಿ’ಗಳ ಮೂಲವೇನು?

‘ವೈರಸ್’ ಲ್ಯಾಟಿನ್‌ನಲ್ಲಿ ವಿಷ, ಲೋಳೆ. ಜೆನ್ನರ್ ‘ವೈರಸ್’ ಎಂದಾಗ ಅವನ ಮನಸ್ಸಿನಲ್ಲಿದ್ದದ್ದು ಸೋಂಕು ತರುವ ರಸ. ಇಂದಿನ ಸೂಕ್ಷ್ಮಾಣು ಅವನಿಗೆ ಗೊತ್ತಿರಲಿಲ್ಲ. ಹಳೆಯ ಪುಸ್ತಕ ಓದುವವರು ಇಲ್ಲಿ ಎಡವುತ್ತಾರೆ. ‘ಸೀರಮ್’ ಎಂದರೆ ಹಾಲೊಡೆದಾಗ ಗಿಣ್ಣು ಬೇರ್ಪಟ್ಟು ಉಳಿಯುವ ನೀರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೂ ಅದೇ ಹೆಸರಾಯಿತು. ‘ಇಮ್ಯೂನಿಟಿ’ ಬಂದದ್ದು ‘ಮೂನುಸ್’ ಎಂಬ ಪದದಿಂದ, ಅಂದರೆ ಪ್ರಜೆ ಸಲ್ಲಿಸಬೇಕಾದ ಕರ್ತವ್ಯ ಅಥವಾ ತೆರಿಗೆ. ಅದರಿಂದ ವಿನಾಯಿತಿ ಪಡೆದವನು ‘ಇಮ್ಮೂನಿಸ್’. ನಮ್ಮ ಶಾಸನಗಳ ‘ಸರ್ವಮಾನ್ಯ’ ಭೂಮಿ ನೆನಪಿಸಿಕೊಳ್ಳಿ: ಎಲ್ಲ ತೆರಿಗೆಯಿಂದ ಮುಕ್ತ. ಇಮ್ಯೂನಿಟಿ ಎಂದರೆ ರೋಗಕ್ಕೆ ಕಟ್ಟಬೇಕಾದ ಕಂದಾಯದಿಂದ ಸಿಕ್ಕ ಮಾನ್ಯ.

ಇಂಥ ಪದಮೂಲವನ್ನು ನಾವೇ ಪರೀಕ್ಷಿಸುವುದು ಹೇಗೆ?

ಮೊದಲು ಪದ ಬರಹದಲ್ಲಿ ಕಾಣಿಸಿಕೊಂಡ ವರ್ಷ ಹುಡುಕಿ. ಐತಿಹಾಸಿಕ ನಿಘಂಟುಗಳು ವರ್ಷದೊಂದಿಗೆ ವಾಕ್ಯವನ್ನೂ ಕೊಡುತ್ತವೆ. ಆಮೇಲೆ ಆ ವಾಕ್ಯದಲ್ಲಿ ಪದ ನಾಮಪದವೋ ವಿಶೇಷಣವೋ ನೋಡಿ. ‘ವ್ಯಾಕ್ಸಿನ್’ನ ಗುಟ್ಟು ಬಿಟ್ಟುಕೊಡುವುದು ಇದೇ ಹಂತ. ಮೂರನೆಯದಾಗಿ ಸೋದರ ಭಾಷೆಗಳಲ್ಲಿ ಅದರ ರೂಪವೇನು ಎಂದು ಹೋಲಿಸಿ. ಇಲ್ಲಿ ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚ್. ಕೊನೆಗೆ ಕಾಗುಣಿತ ಆ ಕಥೆಗೆ ಒಪ್ಪುತ್ತದೆಯೇ ಎಂದು ಪರೀಕ್ಷಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ನಿರುಕ್ತಿಗಳಲ್ಲಿ ಹೆಚ್ಚಿನವು ಮೊದಲ ಹಂತದಲ್ಲೇ ಬಿದ್ದುಹೋಗುತ್ತವೆ. ಪದದ ಮೊದಲಕ್ಷರಗಳನ್ನು ಜೋಡಿಸಿ ಕಟ್ಟಿದ ವಿವರಣೆ ಬಂದರೆ, ಅದೂ ಪದ ಇನ್ನೂರು ವರ್ಷ ಹಳೆಯದಾಗಿದ್ದರೆ, ಮುಂದಿನ ಹಂತಗಳಿಗೆ ಹೋಗುವುದೇ ಬೇಡ.